ಚಿಕ್ಕಿಯ ಕೈ, ತಮ್ಮನ ಗೆರೆ

ಇವತ್ತು ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಒಂದೇ ತಿರುವಿಗೆ ಬಂತು ನೋಡಿ. ಇದೆಂಥ ಸುದ್ದಿ ಅಂತೀರಾ? ಬೆರಳ ಗಂಟು ಬಾತವರನ್ನು ಕೇಳಿ, ಹೇಳುತ್ತಾರೆ. ನನಗೂ ಸಂಧಿವಾತ ಬಂದು ವರ್ಷವಾಯಿತು. ಕೈ ಹೀಗೆ ಹಗುರಾದ ದಿನವೇ ನನಗೆ ನಾವುಂದದ ಚಿಕ್ಕಿಯ ನೆನಪು, ಜೊತೆಗೆ ತಲೆಬಿಸಿ.

ಚಿಕ್ಕಿ ಅಂದರೆ ಅಮ್ಮನ ತಂಗಿ. ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರಿ, ಕೊಯ್ದೂ ಕೊಡುತ್ತಿದ್ದಳು. ಅವಳು ಕೊಯ್ದ ಅಂಜಲ್ ತುಂಡುಗಳನ್ನು ಜೋಡಿಸಿದರೆ ಮತ್ತೆ ಮೀನಾಗಬೇಕು, ಅಷ್ಟು ಸಮ. ನಾನು ಕೊಯ್ದರೆ ಮೀನಿಗಿಂತ ನನ್ನ ಬೆರಳಿಗೇ ಗಾಯ ಹೆಚ್ಚು, ಆ ಮಾತು ಬಿಡಿ.

ಎರಡು ಸಾವಿರದ ಇಸವಿಯ ಆಚೀಚೆ ಅವಳ ಬೆರಳ ಗಂಟುಗಳು ಬಾತವು. ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದು, ತಪ್ಪಿಸಬೇಡಿ ಎಂದರು. ಕಡಲಿಗೆ ಭರತ ಬಂದು ನೀರು ಏರಿದಾಗ ದೋಣಿ ಮೇಲಕ್ಕೆಳೆದು, ಇಳಿತಕ್ಕೆ ನಿಶ್ಚಿಂತೆಯಾಗುವ ಮನೆಯವಳು. ನೋವನ್ನೂ ಕಡಲ ನೀರಿನಂತೆಯೇ ಕಂಡಳು. ಏರಿದಾಗ ಮಾತ್ರೆ, ಇಳಿದಾಗ ಬಂದ್.

ಅದೇ ಹೊತ್ತಿಗೆ ನನ್ನ ತಮ್ಮ ಗಣಿತದಲ್ಲಿ ಸಂಶೋಧನೆ ಹಿಡಿದಿದ್ದ. ಸಂಧಿವಾತದಲ್ಲಿ ಗಂಟು ವರ್ಷ ವರ್ಷಕ್ಕೆ ಎಷ್ಟು ಹಾಳಾಗುತ್ತದೆ ಎಂದು ಸಮೀಕರಣ ಬರೆಯುವ ಕೆಲಸ. ಇಂಥದ್ದಕ್ಕೂ ಲೆಕ್ಕವಿದೆಯಾ ಎಂದು ನಾನು ಬಾಯಿ ಬಿಟ್ಟೆ. ಅವನು ಚಿಕ್ಕಿಯ ಜಗಲಿಯಲ್ಲಿ ಕೂತು, ಮೀನು ಕಟ್ಟುವ ಹಳೇ ಪೇಪರಿನ ಮೇಲೆ ಎರಡು ಗೆರೆ ಎಳೆದ. ಒಂದು ಅಲೆಯಂತೆ ಏರಿಳಿಯುವುದು, ಇನ್ನೊಂದು ಬರೀ ಏರುವುದು.

"ಈ ಅಲೆ ಬಾವು. ಇದ್ ಎಲುಬು ಸವ್ದದ್ದ್. ಬಾವು ಬಂದಾಗೆಲ್ಲ ಇದ್ ಮೇಲ್ ಹೋತ್ತ್, ಮತ್ತೆ ಇಳೂದಿಲ್ಲೆ ಚಿಕ್ಕಿ."

"ಇಳೀದೆ ಇಪ್ಪು ನೀರ್ ಯಾವ್ ಕಡಲಗಿತ್ತ್ ಮಾರಾಯಾ? ನೋವಿಲ್ದೆ ಇಪ್ಪತಿಗೆ ಮದ್ದೆಂತಕೆ?"

"ಮದ್ದ್ ತಕಂಡ್ರೆ ಗೆರೆ ನಿಧಾನ ಹತ್ತತ್ತ್."

"ಗೆರೆ ಬಿಡ್. ಮಳಿಗಾಲ ಮುಗ್ದ್ ದೋಣಿ ಕಡ್ಲಿಗೆ ಹೋಪತಿಗೆ ಈ ಕೈಯಗೆ ಅಂಜಲ್ ಕೊಯ್ಲಕ್ಕಾ? ಅದ್ ಹೇಳ್."

ತಮ್ಮ ಪೇಪರ್ ನೋಡಿದ, ಅವಳ ಕೈ ನೋಡಿದ. "ಇದ್ ಸುಮಾರ್ ಜನ್ರ ಕೈ ಸೇರ್ಸಿ ಮಾಡಿದ್ ಲೆಕ್ಕ. ನಿನ್ನೊಬ್ಳದ್ ಹೇಳುಕಾತಿಲ್ಲೆ."

"ಯಾರ್ಯಾರ್ದೋ ಕೈ ಕಂಡ್ ನಂಗ್ ಮದ್ದ್ ಕೊಡ್ತ್ಯಾ?" ಎಂದವಳು ಅದೇ ಪೇಪರಿನಲ್ಲಿ ಅವನಿಗೆ ಬಂಗುಡೆ ಕಟ್ಟಿಕೊಟ್ಟಳು. ಯಾರು ಸರಿ? ನಾನು ಇಬ್ಬರಿಗೂ ತಲೆಯಾಡಿಸಿದೆ. ಬಂಗುಡೆ ಸಾರು ಮಾತ್ರ ಚೆನ್ನಾಗಿತ್ತು.

ಮಳೆಗಾಲ ಮುಗಿದಾಗ ಚಿಕ್ಕಿ ಅಂಜಲ್ ಕೊಯ್ದಳು, ತಮ್ಮನನ್ನು ಕರೆಸಿ ತೋರಿಸಿ ನಕ್ಕಳು. ಕೆಲವು ವರ್ಷದ ಮೇಲೆ, ನೋವೇ ಇಲ್ಲದ ಒಂದು ದಿನ, ಬೆರಳು ಮಡಚಲು ಬರಲಿಲ್ಲ. ಈಗ ಇಡೀ ಮೀನು ಮಾರಿ, ಕೊಯ್ಯಿಸಲು ಗಿರಾಕಿಯನ್ನು ಪಕ್ಕದವಳ ಹತ್ತಿರ ಕಳಿಸುತ್ತಾಳೆ. ಮಾತ್ರೆ ತಪ್ಪಿಸದಿದ್ದರೆ ಕೈ ಉಳಿಯುತ್ತಿತ್ತಾ ಎಂದು ತಮ್ಮನನ್ನು ಕೇಳಿದೆ. "ಬಹುಶಃ" ಎಂದ. ಅಷ್ಟೆಲ್ಲ ಓದಿ ಬಹುಶಃ!

ಇವತ್ತು ನನ್ನ ಮಾತ್ರೆಯ ದಿನ. ನೋವಿಲ್ಲ, ಮುಚ್ಚಳ ಬೇರೆ ಸಲೀಸಾಗಿ ಬಂದಿದೆ. ಮಾತ್ರೆ ಹಿಡಿದುಕೊಂಡು ಸುಮಾರು ಹೊತ್ತು ನಿಂತೆ. ನುಂಗಿ, ಚಿಕ್ಕಿಗೆ ಫೋನ್ ಮಾಡಿ ಹೇಳಿದೆ.

"ನೋವಿತ್ತಾ ಹೆಣ್ಣೆ?"

"ಇಲ್ಲೆ."

"ಮತ್ತೆಂತಕೆ ನುಂಗ್ದೆ?"

"ಗೊತ್ತಿಲ್ಲೆ ಚಿಕ್ಕಿ."

ಅತ್ತ ಮಾರುಕಟ್ಟೆಯ ಗಲಾಟೆ, ಪಕ್ಕದವಳ ಕತ್ತಿಯ ಸದ್ದು.

"ಬಿಡ್ಬೇಡ" ಎಂದಳು ಚಿಕ್ಕಿ.