ಸೋಮವಾರ ಬಿಚ್ಚಿದ ನಾಲ್ಕು ಪ್ಲಗ್

ನಾಲ್ಕು ಸ್ಪಾರ್ಕ್ ಪ್ಲಗ್ ಬದಲಿಸಬೇಕಿತ್ತು. ನಾನು ಬದಲಿಸಲಿಲ್ಲ.

ಇಷ್ಟೇ ಆಗಿದ್ದರೆ ಈ ವಾರ ಬರೆಯಲು ಬೇರೆ ಏನಾದರೂ ಹುಡುಕುತ್ತಿದ್ದೆ. ಆದರೆ ಆ ನಾಲ್ಕು ಪ್ಲಗ್‌ಗಳಿಂದ ಶುರುವಾದದ್ದು ನನ್ನ ತಂಗಿಯ ಹೆಸರು ಕೆಡಿಸುವವರೆಗೆ ಹೋಯಿತು. ಅದನ್ನು ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ನಾನೇ ಹೇಳುತ್ತೇನೆ.

ನನ್ನ ಪಿಕಪ್ ನಿಮಗೆ ಹೊಸದಲ್ಲ. ಈ ಅಂಕಣದಲ್ಲಿ ಅದು ನನಗಿಂತ ಹೆಚ್ಚು ಸಲ ಬಂದಿದೆ. ಸಿಎನ್‌ಜಿ ಮೇಲೆ ಓಡುವ ಸಣ್ಣ ಗಾಡಿ. ಇಂಜಿನ್ ಸೀಟಿನ ಕೆಳಗೇ ಇದೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಓದಿದ್ದಕ್ಕಿಂತ ಓಡಿಸಿದ್ದೇ ಹೆಚ್ಚು. ತಂಗಿ ನೀಲವ್ವ ಶಿರೂರಿನ ನಮ್ಮ ಮನೆಯ ಹಿಂದೆ ನಾಲ್ವರು ಹೆಣ್ಣುಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಜೋಳದ ರೊಟ್ಟಿ ಬಡಿಯುತ್ತಾಳೆ. ಅವಳು ಬಡಿದದ್ದನ್ನು ನಾನು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನ ಖಾನಾವಳಿಗಳಿಗೆ ಮುಟ್ಟಿಸುತ್ತೇನೆ.

ಗಾಡಿಯ ಸದ್ದು ಬದಲಾದದ್ದು ಮೊದಲು ತಿಳಿದದ್ದು ಅವಳಿಗೆ. ದಿನವಿಡೀ ರೊಟ್ಟಿ ಬಡಿಯುವ ಸದ್ದಿನಲ್ಲೇ ಕೂತವಳಿಗೆ ಲಯ ತಪ್ಪಿದರೆ ಗೊತ್ತಾಗದೆ ಇರುತ್ತದೆಯೇ?

"ಅಣ್ಣಾ, ನಿನ್ ಗಾಡಿ ಬಿಕ್ಕಾಕತ್ತೈತಿ."

"ಗಾಡಿ ಎಲ್ಲ್ಯರ ಬಿಕ್ಕತೈತೇನು? ನೀ ನಿನ್ ರೊಟ್ಟಿ ನೋಡು."

ಬಿಕ್ಕುತ್ತಿತ್ತು. ಬೆಳಿಗ್ಗೆ ಮೂರು ಸಲ ಸೆಲ್ಫ್ ಹೊಡೆದರೆ ಏಳುತ್ತಿತ್ತು. ಲೋಡ್ ಹಾಕಿಕೊಂಡು ಏರು ಹತ್ತುವಾಗ ಜಗ್ಗುತ್ತಿತ್ತು. ಗ್ಯಾಸ್ ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಕುಳಗೇರಿ ಕ್ರಾಸ್‌ನಲ್ಲಿ ನನ್ನ ಕಾಯಂ ಮಿಸ್ತ್ರಿ ರಾಜೇಸಾಬ ಇದ್ದಾನೆ. ಅವನು ನಿಂತಲ್ಲೇ ಕಿವಿ ಕೊಟ್ಟು ಹೇಳಿದ: "ಪ್ಲಗ್ ಹೋಗ್ಯಾವ. ಗ್ಯಾಸ್ ಗಾಡಿಗೆ ಲಗೂನ ಹೋಗ್ತಾವ. ಬುಕ್ಕಿನ್ಯಾಗ ಇದ್ದ ಕಿಲೋಮೀಟರ್ ಯಾವಾಗೋ ದಾಟೇತಿ. ಅರ್ಧಾ ತಾಸಿನ ಕೆಲಸ, ಬಿಚ್ಚಲೇನು?"

"ಇವತ್ತ ಬ್ಯಾಡ. ಸೋಮವಾರ ಬಿಡುವ ಐತಿ, ನೋಡೂಣು."

ಇಲ್ಲೇ ನನ್ನ ಜಾಣತನ ಇರುವುದು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಅಪ್ಪನಿಗೆ ಎತ್ತುಗಳಿದ್ದವು, ನನಗೆ ಪಿಕಪ್ ಇದೆ. ಅಪ್ಪ ಎತ್ತಿಗೆ ನಡೆಸಿದ್ದನ್ನು ನಾನು ಗಾಡಿಗೆ ನಡೆಸುತ್ತ ಬಂದೆ. ಸೋಮವಾರ ಗಾಡಿ ಹೊರಗೆ ತೆಗೆಯುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ ನಿಲ್ಲಿಸುತ್ತೇನೆ. ನಟ್ಟು ಬಿಚ್ಚುವ ಪಾನಾ ಮುಟ್ಟಿಸುವುದಿಲ್ಲ. ಉಳಿದ ಆರು ದಿನ ಗಾಡಿ ರೋಡಿನ ಮೇಲೆ. ಹಾಗಾದರೆ ಪ್ಲಗ್ ಬಿಚ್ಚುವ ದಿನ ಯಾವುದು? ವಾರದಲ್ಲಿ ಅಂಥ ದಿನವೇ ಇರದ ಹಾಗೆ ನಾನು ನೋಡಿಕೊಂಡಿದ್ದೆ.

ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ಕಣ್ಣಿಗೆ ಚುಚ್ಚುತ್ತಿತ್ತು. ಏನು ಮಾಡಿದೆ ಗೊತ್ತೇ? ಮನೆಯ ಕನ್ನಡಿಗೆ ನೀಲವ್ವ ಅಂಟಿಸಿದ್ದ ಹಣೆಯ ದೊಡ್ಡ ಟಿಕಳಿಯೊಂದನ್ನು ಕಿತ್ತು ತಂದು ಆ ದೀಪದ ಮೇಲೆ ಹಚ್ಚಿದೆ. (ನಗಬೇಡಿ. ನೀವೂ ನಿಮ್ಮ ಮನೆಯಲ್ಲಿ ಯಾವುದೋ ದೀಪಕ್ಕೆ ಟಿಕಳಿ ಹಚ್ಚಿಯೇ ಇರುತ್ತೀರಿ.)

ಅಂಥ ದಿನಗಳಲ್ಲೇ ನೀಲವ್ವನಿಗೆ ಅವಳ ಮೊದಲ ದೊಡ್ಡ ಆರ್ಡರ್ ಬಂತು. ಇಳಕಲ್‌ನಲ್ಲಿ ಖಾನಾವಳಿ ನಡೆಸುವ ಪಾರಮ್ಮ ಒಂದು ಗೃಹಪ್ರವೇಶದ ಅಡುಗೆ ಹಿಡಿದಿದ್ದರು. ಕಡಕ್ ಅಲ್ಲ, ಬಿಸಿ ರೊಟ್ಟಿ ಬೇಕು, ಪಂಕ್ತಿ ಕೂರುವ ಹೊತ್ತಿಗೆ ಬೇಕು. ಇದೊಂದು ಚೆನ್ನಾಗಿ ನಡೆದರೆ ಇಳಕಲ್‌ನ ದೊಡ್ಡ ಊಟಗಳಿಗೆಲ್ಲ ಹೇಳುತ್ತೇನೆ ಎಂದಿದ್ದರು. ಐವರೂ ನಸುಕಿನಲ್ಲೇ ಕೂತು ಬಡಿದರು. ಹೇಳಿದ್ದಕ್ಕಿಂತ ಮೊದಲೇ ಬುಟ್ಟಿಗಳು ಬಿಳಿ ಬಟ್ಟೆ ಹೊದ್ದು ಗಾಡಿ ಏರಿದವು.

ಅಮೀನಗಡ ದಾಟಿದ ಮೇಲೆ ಒಂದು ಏರಿನಲ್ಲಿ ಗಾಡಿ ಜಗ್ಗಿತು, ಕೆಮ್ಮಿತು, ನಿಂತಿತು.

ಸೀಟು ಎತ್ತಿ, ಇಂಜಿನ್ ಆರುವ ತನಕ ಕಾಯ್ದು, ಪ್ಲಗ್ ಬಿಚ್ಚಿ ಪಾಲಿಶ್ ಪೇಪರಿನಿಂದ ತಿಕ್ಕಿ ಮತ್ತೆ ಕೂರಿಸಿದೆ. ಒಂದು ಕಿಲೋಮೀಟರ್ ಹೋಯಿತು. ಮತ್ತೆ ನಿಂತಿತು. ಹೀಗೆ ಕುಂಟುತ್ತ ಇಳಕಲ್ ಮುಟ್ಟುವಾಗ ಪಂಕ್ತಿ ಎದ್ದು, ಎಲೆ ತೆಗೆಯುತ್ತಿದ್ದರು. ಬುಟ್ಟಿಯಲ್ಲಿ ರೊಟ್ಟಿ ಬೆವರಿ ಮೆತ್ತಗಾಗಿದ್ದವು.

"ಯಾಕ ತಮ್ಮಾ, ಮಂದಿ ಕೈ ತೊಳಕೊಂಡ ಮ್ಯಾಲೆ ರೊಟ್ಟಿ ತಂದೀಯಲ್ಲ?" ಎಂದರು ಪಾರಮ್ಮ.

ಗಾಡಿ ಕೆಟ್ಟಿತು ಎನ್ನಬಹುದಿತ್ತು. ಹಾಗೆಂದರೆ ನಾಳೆ ನನ್ನ ಗಾಡಿಗೆ ಬಾಡಿಗೆ ಕೊಡುವವರು ಯಾರು? ನನ್ನ ಬಾಯಿ ನನಗಿಂತ ಮುಂಚೆ ಓಡಿತು.

"ತಂಗಿ ಬಡಿಯೂದ ತಡಾ ಆತ್ರಿ, ಅಮ್ಮಾರ."

ಒಂದೇ ಸಾಲು. ಪಾರಮ್ಮ ಬೈಯಲಿಲ್ಲ. "ಆಕಿ ಕೈ ಛಲೋ ಐತಿ. ಹೊತ್ತಿನ ಖಬರ ಇಲ್ಲ ಅಷ್ಟ" ಎಂದು ಒಳಗೆ ಹೋದರು.

ಮನೆಯಲ್ಲಿ ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಏನಂದರು ಎಂದು ಕೇಳಿದಳು. ಗಾಡಿ ಸ್ವಲ್ಪ ತಡವಾಯಿತು, ಮತ್ತೆ ಫೋನ್ ಮಾಡುತ್ತಾರಂತೆ ಎಂದೆ.

ಫೋನ್ ಬರಲಿಲ್ಲ. ಪಾರಮ್ಮನ ಮಾತು ಹುನಗುಂದಕ್ಕೂ ಬಂತು. ಅಲ್ಲಿಯ ಒಂದು ಖಾನಾವಳಿಯವರು ಬೇರೆಯವರ ಹತ್ತಿರ ರೊಟ್ಟಿ ತರಿಸತೊಡಗಿದರು. ನೀಲವ್ವ ತಪ್ಪನ್ನು ತನ್ನ ಕೈಯಲ್ಲೇ ಹುಡುಕಿದಳು. ದಪ್ಪ ಆಯಿತೇನೋ ಎಂದು ತೆಳ್ಳಗೆ ಬಡಿದಳು. ಇನ್ನೊಂದು ಹಂಚು ಇಟ್ಟಳು. ಆಮೇಲೆ ಕೆಲಸ ಸಾಲದೆ ನಾಲ್ವರಲ್ಲಿ ಇಬ್ಬರಿಗೆ ಸದ್ಯ ಬರಬೇಡಿ ಎಂದಳು. ಅದನ್ನು ಹೇಳಿ ಒಳಗೆ ಬಂದವಳು ಆ ದಿನ ಊಟ ಮಾಡಲಿಲ್ಲ. ನಾನು ಮಾಡಿದೆ. ಅವಳ ರೊಟ್ಟಿಯನ್ನೇ ತಿಂದೆ.

ಎರಡು ತಿಂಗಳು ಹೀಗೇ ಹೋಯಿತು. ಅವಳ ಕಣ್ಣೆದುರೇ ಅಂಗಳದಲ್ಲಿ ತಿಕ್ಕಿದ ಪ್ಲಗ್‌ಗಳ ಮೇಲೇ ಹತ್ತಿರದ ಊರುಗಳಿಗಷ್ಟೇ ಓಡಾಡಿಕೊಂಡಿದ್ದೆ.

ಹೋದ ಸೋಮವಾರ ಗಾಡಿ ತೊಳೆಯುತ್ತಿದ್ದೆ. ನೀಲವ್ವ ಕೈಯ ಹಿಟ್ಟು ಉದುರಿಸುತ್ತ ಹೊರಗೆ ಬಂದಳು.

"ಪ್ಲಗ್ ಹಾಕ್ಸಿದೇನು?"

"ಇವತ್ತ ಸೋಮವಾರ."

"ಎತ್ತಿನ ಕಾಲಾಗ ಸೋಮವಾರ ಮುಳ್ಳ ಮುರದಿದ್ರ ಅಪ್ಪ ಮಂಗಳವಾರದ ತನಕಾ ಕಾಯ್ತಿದ್ನೇನು?"

ನನ್ನ ಕೈಯ ಪೈಪು ಹಾಗೇ ಹರಿಯುತ್ತಿತ್ತು. ಅಪ್ಪ ಸೋಮವಾರವೇ ಎತ್ತುಗಳ ಮೈ ತೊಳೆದು, ಒಂದೊಂದೇ ಕಾಲು ಎತ್ತಿ ಗೊರಸು ನೋಡುತ್ತಿದ್ದ. ಮುಳ್ಳು ಇದ್ದರೆ ತೆಗೆಯುತ್ತಿದ್ದ, ಗಾಯಕ್ಕೆ ಅರಿಷಿಣ ಹಚ್ಚುತ್ತಿದ್ದ. ಹೂಡದ ದಿನವೇ ನೋಡಿಕೊಳ್ಳುವ ದಿನ. ಅಪ್ಪನ ಸೋಮವಾರದಲ್ಲಿ ನನಗೆ ಬೇಕಾದ ಅರ್ಧವನ್ನಷ್ಟೇ ನಾನು ಇಟ್ಟುಕೊಂಡಿದ್ದೆ.

"ಗಾಡಿ ಹತ್ತು," ಎಂದೆ.

"ಎಲ್ಲಿಗಿ? ಇವತ್ತ ಸೋಮವಾರ ಅಂದಿ?"

"ಹತ್ತಂದ್ರ ಹತ್ತು."

ಕುಳಗೇರಿ ಕ್ರಾಸ್‌ನಲ್ಲಿ ರಾಜೇಸಾಬ ನಾಲ್ಕೂ ಪ್ಲಗ್ ಬಿಚ್ಚಿ ಅಂಗೈ ಮೇಲೆ ಹಿಡಿದ. ತುದಿ ಸವೆದು, ಕಿಡಿ ಹಾರುವ ಸಂದು ಅಗಲವಾಗಿತ್ತು. "ಇವುರ ಮ್ಯಾಲೆ ಇಲ್ಲೀತನಕಾ ಬಂದಿ? ನಿನಗ ಬಸವಣ್ಣ ಅದಾನ ಬಿಡು. ನಿನ್ ಗಾಡಿಗೆ ಯಾರದಾರ ಮಾರಾಯಾ?" ಎಂದ. ಅರ್ಧ ತಾಸೂ ಹಿಡಿಯಲಿಲ್ಲ. ಒಂದೇ ಸೆಲ್ಫಿಗೆ ಇಂಜಿನ್ ಎದ್ದಿತು, ಬಿಕ್ಕಲಿಲ್ಲ.

ಕೇಳುವವರಿಗೆ ಇಷ್ಟು ಹೇಳುತ್ತೇನೆ. ಪ್ಲಗ್ ಯಾವಾಗ ಬದಲಿಸಬೇಕು? ಗಾಡಿಯ ಬುಕ್ಕಿನಲ್ಲಿರುವ ಕಿಲೋಮೀಟರಿಗೆ. ಗ್ಯಾಸ್ ಗಾಡಿಯಾದರೆ ಅದಕ್ಕೂ ಮೊದಲೊಮ್ಮೆ ಬಿಚ್ಚಿ ನೋಡಿ. ಏರಿನಲ್ಲಿ ಜಗ್ಗಿದರೆ ಅವತ್ತೇ. ಮನೆಯವರು ಸದ್ದು ಸರಿಯಿಲ್ಲ ಎಂದರೆ ಅವರ ಮುಂದೆ ನಿಮ್ಮ ಅನುಭವ ಬಿಚ್ಚಬೇಡಿ, ಪ್ಲಗ್ ಬಿಚ್ಚಿ.

ವಾಪಸು ಹೊರಟಾಗ ನೀಲವ್ವ ಡ್ಯಾಶ್‌ಬೋರ್ಡಿಗೆ ಬಗ್ಗಿದಳು. "ನನ್ ಟಿಕಳಿ ಇಲ್ಲಿಗ್ಯಾಕ ಬಂತು?" ಎಂದು ಉಗುರಿನಿಂದ ಕಿತ್ತಳು. ಕೆಳಗೆ ದೀಪ ಆರಿತ್ತು. ಶಿರೂರಿಗೆ ಇಳಿಯದೆ ಗಾಡಿಯನ್ನು ನೇರ ಇಳಕಲ್ ದಾರಿಗೆ ಬಿಟ್ಟೆ. ಇವತ್ತು ಬಿಟ್ಟರೆ ನಾನು ಈ ಮಾತು ಹೇಳುವುದಕ್ಕೂ ಸೋಮವಾರದಂಥ ನೆಪವೊಂದನ್ನು ಹುಡುಕುತ್ತೇನೆ ಎಂದು ನನಗೆ ಗೊತ್ತಿತ್ತು.

ಪಾರಮ್ಮ ಖಾನಾವಳಿಯ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಕೂರಲಿಲ್ಲ.

"ಅಮ್ಮಾರ, ಅವತ್ತ ಈಕಿ ಹೊತ್ತಿಗೆ ಮೊದ್ಲ ರೊಟ್ಟಿ ಮಾಡಿ ಕೊಟ್ಟಿದ್ಲು. ದಾರ್‍ಯಾಗ ಗಾಡಿ ನಿಂತಿತ್ತು. ನಿಲ್ಲತೈತಿ ಅಂತ ನನಗ ಗೊತ್ತಿತ್ತು. ತಂಗಿ ತಡಾ ಮಾಡಿದ್ಲು ಅಂತ ಸುಳ್ಳ ಹೇಳಿದಾಂವ ನಾ."

ಪಾರಮ್ಮ ನನ್ನನ್ನು ನೋಡಲಿಲ್ಲ, ನೀಲವ್ವನನ್ನು ನೋಡಿದರು. ನೀಲವ್ವ ತನ್ನ ಎರಡೂ ಕೈ ನೋಡಿಕೊಳ್ಳುತ್ತಿದ್ದಳು, ಎರಡು ತಿಂಗಳಿಂದ ತಪ್ಪು ಹುಡುಕುತ್ತಿದ್ದ ಅದೇ ಕೈಗಳನ್ನು. ಅವಳ ಕಡೆ ತಿರುಗಿ, ರಸ್ತೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ನನ್ ತಪ್ಪ ನಿನ್ ಕೈ ಮ್ಯಾಲೆ ಹಾಕಿದ್ನಿ ನೀಲಾ, ತಪ್ಪಾತವ್ವಾ."