ಕಸಬರಿಗೆಯ ಕಡ್ಡಿ

ಗಂಡ ತೀರಿಕೊಂಡ ಐದನೆಯ ದಿನ ವೈಜಾಪುರದ ಅತ್ತೆಮನೆಯವರು ನನ್ನ ಮೂಗುತಿ ಬಿಚ್ಚಿಸಿಕೊಂಡರು. ನನಗೆ ಆಗ ಇಪ್ಪತ್ತು. ಅಪ್ಪ ಬಂದು ನನ್ನನ್ನು ನಾಸಿಕಕ್ಕೆ ಕರೆತಂದ. ತೂತು ಮುಚ್ಚಬಾರದೆಂದು ಅವ್ವ ಕಸಬರಿಗೆಯ ಕಡ್ಡಿಯ ಚೂರೊಂದಕ್ಕೆ ಎಣ್ಣೆ ಹಚ್ಚಿ ಮೂಗಿಗೆ ಸಿಕ್ಕಿಸಿದಳು.

"ಇರಲಿ ಬಿಡವ್ವಾ. ನಿಮ್ಮಪ್ಪ ಇನ್ನೊಂದು ಸಂಬಂಧ ನೋಡ್ಲಿಕತ್ತಾರ" ಎಂದಳು.

ಅಷ್ಟರಲ್ಲಿ ಔರಂಗಾಬಾದಿನಿಂದ ಅಪ್ಪನ ಅಕ್ಕ ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳಿಗೆ ಕಡ್ಡಿ ಕಂಡಿತು.

"ಇದನ್ನ ಯಾರ ಸಲುವಾಗಿ ತೆರದಿಟ್ಟೀ? ಕಿತ್ತು ಒಗಿ" ಎಂದು ಅವ್ವನಿಗೆ ಹೇಳಿದಳು. ಅವ್ವ ಕಡ್ಡಿ ಕಿತ್ತು ಒಲೆಗೆ ಹಾಕಿದಳು.

ಸೋದರತ್ತೆ ಒಂದು ತಿಂಗಳು ಇದ್ದಳು. ಅವಳು ಹೋದ ದಿನವೇ ಅವ್ವ ಹೊಸ ಕಡ್ಡಿ ಮುರಿದು ತಂದಳು. ಮೂಗಿನ ಮೇಲೆ ತೂತಿನ ಚುಕ್ಕೆ ಹಾಗೇ ಇತ್ತು, ಒಳಗೆ ಮಾಂಸ ಕೂಡಿಕೊಂಡಿತ್ತು. ಅವ್ವ ಒತ್ತಿದಳು. ರಕ್ತ ಬಂತು, ಕಡ್ಡಿ ಹೋಗಲಿಲ್ಲ.

"ಆಕಿ ಹಾಳಾಗಿ ಹೋಗಲಿ" ಎಂದು ನಾನು ಶಪಿಸಿದೆ.

ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿದಳು. "ಬೈಬ್ಯಾಡ. ಗಂಡ ಸತ್ತಾಗ ಆಕಿಗೆ ಹನ್ನೊಂದು ವರ್ಷ, ಆಗಲೇ ಮೂಗುತಿ ತಗಸಿದ್ರು. ಆಕಿಗೆ ಯಾರೂ ಕಡ್ಡಿ ಇಡಲಿಲ್ಲ."

ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಎಲ್ಲ ಗೊತ್ತಿದ್ದವಳೇ ಕೀಳಿಸಿದ್ದಳಲ್ಲ!