ಕೆಂಪಿ ನುಂಗಿದ ಹನ್ನೆರಡು ಮಾತ್ರೆ

ನಮ್ಮ ಅತ್ತೆ ಚೆಲ್ಲಮ್ಮ ದಿನವೂ ಬೆಳಿಗ್ಗೆ ಅರ್ಧ ಗಂಟೆ ಒಂದು ಲೋಟ ಕಾಫಿಯನ್ನು ದಿಟ್ಟಿಸಿಕೊಂಡು ಕೂರುತ್ತಾರೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ನುಂಗಿದ ಮೇಲೆ ಅರ್ಧ ಗಂಟೆ ಕಾಫಿ ಕುಡಿಯಬಾರದು. ಒಂಬತ್ತು ವರ್ಷದಿಂದ ಹೀಗೇ. “ಹೊತ್ತಾದ ಮೇಲೆ ಬೆರೆಸಿ ಕೊಡ್ತೀನಿ ಅತ್ತೆ” ಎಂದರೆ ಕೇಳುವುದಿಲ್ಲ.

“ಕಣ್ಮುಂದೆ ಇದ್ರೆ ಒತ್ತು ಓಗ್ತದೆ ಬುಡು. ನೀ ಬೆರ್ಸು.”

ಅರ್ಧ ಗಂಟೆಯಲ್ಲಿ ಕಾಫಿ ಆರುತ್ತದೆ. ಆರಿದ್ದಕ್ಕೆ ನನ್ನನ್ನು ಬೈದು ಮತ್ತೆ ಕಾಯಿಸಿಕೊಂಡು ಕುಡಿಯುತ್ತಾರೆ. ನಾನು ಸೊಸೆಯಾಗಿ ಬಂದು ಮೂರು ವರ್ಷ. ಹೀಗೆ ಎರಡು ಸಲ ಕಾಯಿಸಿದ ಕಾಫಿಗೆ ಸೇಲಂ ಪಕ್ಕದ ನಮ್ಮ ತಾರಮಂಗಲಂ ಮನೆಯಲ್ಲಿ “ಥೈರಾಯ್ಡ್ ಕಾಫಿ” ಎಂದೇ ಹೆಸರು.

ಅತ್ತೆಗೆ ಐವತ್ತೆಂಟು. ಅದರಲ್ಲಿ ಮೂವತ್ತೆಂಟು ವರ್ಷ ರೇಷ್ಮೆ ಸೀರೆ ನೇಯ್ದಿದ್ದಾರೆ. ನಮ್ಮದು ಗುಂಡಿ ಮಗ್ಗ. ಹಜಾರದ ನೆಲದಲ್ಲಿ ಮೊಣಕಾಲುದ್ದದ ಗುಂಡಿ, ಅದರೊಳಗೆ ಕಾಲಿಳಿಸಿ ಕೂತು ಕಾಲುಮಣೆ ತುಳಿಯುತ್ತ ನೇಯಬೇಕು. ಹೋದ ವರ್ಷ ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಗುಂಡಿಯಿಂದ ಹತ್ತುವಾಗ ಜಾರಿದರು. ಮಣಿಕಟ್ಟಿನ ಮೂಳೆ ಸಣ್ಣಗೆ ಬಿರುಕುಬಿಟ್ಟಿತು. ಮೂಳೆ ತೆಳುವಾಗಿದೆ, ಥೈರಾಯ್ಡ್ ಮಾತ್ರೆ ಬೇಕಾದ್ದಕ್ಕಿಂತ ಚೂರು ಹೆಚ್ಚಾಗಿ ವರ್ಷಗಟ್ಟಲೆ ಹೋದರೂ ಹೀಗಾಗಬಹುದು ಎಂದರು ಡಾಕ್ಟರ್. ಅಷ್ಟು ಸಾಕಾಯಿತು ನನ್ನ ಗಂಡ ಕಾರ್ತಿಕೇಯನ್‌ಗೆ. ಗುಂಡಿಯ ಮೇಲೆ ಹಲಗೆ ಹೊಡೆಸಿ, ಅದರ ಮೇಲೆ ನಮ್ಮ ಮಗುವಿನ ತೊಟ್ಟಿಲು ಇಟ್ಟುಬಿಟ್ಟರು.

“ಮೂಳೆ ಪರವಾಯಿಲ್ಲೆ ಅಂತ ಡಾಕ್ಟ್ರು ಬಾಯಲ್ಲಿ ಬರೋವರೆಗೂ ಮಗ್ಗ ಇಲ್ಲಮ್ಮಾ.”

ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ. ಆದರೆ ಅವರ ಕಾಲುಗಳಿಗೆ ಯಾರೂ ಹೇಳಿರಲಿಲ್ಲವಲ್ಲ. ಕೂತಲ್ಲೆಲ್ಲ ಅವು ತಮ್ಮಷ್ಟಕ್ಕೆ ತುಳಿಯುತ್ತಿದ್ದವು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ಐದೇ ನಿಮಿಷಕ್ಕೆ ಅದು ಕುದುರೆ ಏರಿದಂತೆ ಕುಣಿಯುತ್ತ ಎದ್ದು ಕೂರುತ್ತಿತ್ತು. ಮಗು ಮಲಗಿದ್ದು ಎಷ್ಟು ಹೊತ್ತು, ಹಾಲು ಕುಡಿದದ್ದು ಎಷ್ಟು ಸಲ, ಬಟ್ಟೆ ಒದ್ದೆಯಾದದ್ದು ಎಷ್ಟು ಸಲ ಎಂದೆಲ್ಲ ನಾನು ಡೈರಿಯಲ್ಲಿ ಬರೆದಿಡುತ್ತೇನೆ. ಆ ತಿಂಗಳ ನಿದ್ದೆಯ ಸಾಲು ನೋಡಿದರೆ ಈಗಲೂ ನನಗೆ ಆಕಳಿಕೆ ಬರುತ್ತದೆ.

ಅಷ್ಟರಲ್ಲಿ ಸೇಲಂನ ಆಸ್ಪತ್ರೆಯೊಂದರಲ್ಲಿ ಥೈರಾಯ್ಡ್ ಮಾತ್ರೆ ತಿನ್ನುವ ಹೆಂಗಸರ ಮೂಳೆಯ ಬಗ್ಗೆ ಒಂದು ಅಧ್ಯಯನ ಶುರುವಾಯಿತು. ಮೊದಲು ಒಂದು ಸ್ಕ್ಯಾನ್, ವರ್ಷ ಕಳೆದ ಮೇಲೆ ಅದೇ ಮಷಿನ್‌ನಲ್ಲಿ ಇನ್ನೊಂದು ಸ್ಕ್ಯಾನ್. ನಡುವೆ ದಿನಕ್ಕೊಂದು ಮಾತ್ರೆ. ಎರಡನೇ ಸ್ಕ್ಯಾನ್ ನೋಡಿಯೇ ಮಗ್ಗದ ಮಾತು ಎಂದು ಮನೆಯಲ್ಲಿ ತೀರ್ಮಾನವಾಯಿತು. ಅತ್ತೆ ಹೆಸರು ಕೊಟ್ಟರು. ಸ್ಕ್ಯಾನ್ ಮೇಜಿನ ಮೇಲೆ ಮಲಗಿ ಎದ್ದು ಬಂದವರು, “ತಲೆ ಮ್ಯಾಲೆ ಲಾಳಿ ಓಡಿದಂಗೆ ಓಡ್ತದೆ ಲೇ, ನೂಲು ಮಾತ್ರ ಬುಡಲ್ಲ” ಎಂದು ವರದಿ ಒಪ್ಪಿಸಿದರು.

ಮಾತ್ರೆಯ ವಿಷಯ ವಿವರಿಸಿದ್ದು ಕಮಲಿನಿ ಮೇಡಂ. ಅಧ್ಯಯನಕ್ಕೆ ಬಂದವರ ಕಾಗದಪತ್ರ ನೋಡಿಕೊಳ್ಳುವವರು. ಸೇಲಂ ಪೇಟೆಯ ಕನ್ನಡದವರೇ, ಆದರೆ ಅವರ ಕನ್ನಡ ಇಸ್ತ್ರಿ ಹಾಕಿದ್ದು.

“ನೋಡಿಯಮ್ಮಾ, ಅರ್ಧ ಜನಕ್ಕೆ ನಿಜವಾದ ಕ್ಯಾಲ್ಸಿಯಂ ಮಾತ್ರೆ ಕೊಡ್ತೀವಿ. ಇನ್ನರ್ಧ ಜನಕ್ಕೆ ಅದೇ ತರಹ ಕಾಣುವ, ಔಷಧ ಇಲ್ಲದ ಸುಮ್ಮನೆ ಮಾತ್ರೆ. ನಿಮ್ಮದು ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ.”

“ಡಾಕ್ಟ್ರಿಗೆ?”

“ಅವರಿಗೂ ಗೊತ್ತಿರಲ್ಲ.”

“ಡಾಕ್ಟ್ರಿಗೇ ಗೊತ್ತಿಲ್ವಾ? ಅಂಗಾರೆ ಆ ಬಿಳೀ ಕೋಟು ಯಾಕೆ ಆಕ್ಕೊಂಡವ್ರೆ?”

ಸಹಿ ಮಾಡಿದರು. ಆದರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಲೇ ಇದ್ದರು. ಜರಿ ಯಾರೇ ತಂದುಕೊಡಲಿ, ಎಳೆ ಕಿತ್ತು ಕಲ್ಲಿಗೆ ಉಜ್ಜಿ, ಒಳಗಿನ ಬಣ್ಣ ನೋಡದೆ ಮಗ್ಗಕ್ಕೆ ಏರಿಸದ ಕೈ ಅದು. ಅಸಲೋ ನಕಲೋ ತಿಳಿಯದ ಒಂದು ವಸ್ತು ದಿನಾ ಹೊಟ್ಟೆಗೆ ಹೋಗುವುದನ್ನು ಸಹಿಸುವುದು ಹೇಗೆ? ಎರಡು ತಿಂಗಳು ಸಹಿಸಿದರು. ನಡುವೆ ಮಾತ್ರೆಯನ್ನು ಕಲ್ಲಿಗೆ ಉಜ್ಜಿದರು, ನೆಕ್ಕಿದರು, ನನ್ನ ಕೈಲೂ ನೆಕ್ಕಿಸಿದರು. ಗೋಡೆಯ ರುಚಿ ಇತ್ತು.

ಮೂರನೇ ತಿಂಗಳಲ್ಲಿ ಪಕ್ಕದ ಮನೆಯ ತಮಿಳ್‌ಸೆಲ್ವಿ ಅಕ್ಕ ಕಾಂಪೌಂಡಿನ ಮೇಲೆ ಕತ್ತು ಹಾಕಿ ಗೋಳು ಹೇಳಿಕೊಂಡರು. ತಮಿಳಿನವರು, ಇಪ್ಪತ್ತು ವರ್ಷ ನಮ್ಮ ಮನೆಯ ಜಗಳ ಕೇಳಿ ಕೇಳಿ ಕನ್ನಡ ಕಲಿತವರು.

“ಎರಡು ಕೋಳಿನೂ ಇಂಗೇ ಅಕ್ಕಾ. ಮೊಟ್ಟೆ ಕೈಗೆ ತಗೊಂಡ್ರೆ ಸಿಪ್ಪೆ ಒಳಕ್ಕೆ ಓಗ್ತದೆ. ಬಲಾನೇ ಇಲ್ಲ.”

“ಯಾಕಂತೆ?”

“ಸುಣ್ಣದ ಸತ್ವ ಇಲ್ವಂತೆ. ಕ್ಯಾಲ್ಸಿಯಂ.”

ಅತ್ತೆ ಆಡುತ್ತಿದ್ದ ಕಾಲು ನಿಲ್ಲಿಸಿದರು.

“ಲೇ ಜೀವಿತಾ, ಆ ಬಾಟ್ಲು ತಗೊಂಬಾ.”

“ಊಟ ಆಗ್ಲಿ ಅತ್ತೆ, ಆಮೇಲೆ ನುಂಗೀರಂತೆ.”

“ನುಂಗಾಕಲ್ಲ ಲೇ, ಕೇಳಾಕೆ.”

“ಯಾರನ್ನ ಕೇಳ್ತೀರ? ಮಾತ್ರೇನಾ?”

“ಕೋಳೀನ.”

ನಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟುವ ರೂಢಿಯಿಲ್ಲ. ಅತ್ತೆಗಂತೂ ಅದರ ವಾಸನೆಯೇ ಆಗದು. ಆದರೂ ಏರ್ಪಾಡು ಭರ್ಜರಿಯಾಗಿಯೇ ನಡೆಯಿತು. ಹನ್ನೆರಡು ದಿನ ಒಂದು ಕೋಳಿಗೆ ಮಾತ್ರೆ, ಇನ್ನೊಂದಕ್ಕೆ ಬರೀ ಅನ್ನ. ಯಾವುದಕ್ಕೆ ಮಾತ್ರೆ ಎಂದು ತಾವೇ ಹೇಳಿದರೆ ಮೋಸವಾಗುತ್ತದಂತೆ, ಆಸ್ಪತ್ರೆಯಲ್ಲೂ ಚೀಟಿ ಎತ್ತಿದ ಹಾಗೆ ಏನೋ ಮಾಡುತ್ತಾರಂತೆ. ನನ್ನ ಕೈಲಿ ಕೆಂಪಿ, ಕರಿ ಎಂದು ಕೋಳಿಗಳ ಹೆಸರಿನ ಎರಡು ಚೀಟಿ ಬರೆಸಿ ಮಗುವಿನ ಮುಂದೆ ಇಟ್ಟರು. ಮಗು ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಅಗಿದುಬಿಟ್ಟಿತು. ಉಳಿದ ಚೀಟಿಯಲ್ಲಿ ಕರಿ ಎಂದಿತ್ತು. ಹಾಗಾಗಿ ತಿಂದದ್ದು ಕೆಂಪಿ, ಮಾತ್ರೆ ಅದಕ್ಕೇ ಎಂದು ತೀರ್ಪಾಯಿತು.

“ಅತ್ತೆ, ನಿಮ್ಮ ಪಾಲಿನ ಮಾತ್ರೆ ಕೋಳಿಗೆ ಹಾಕಿದ್ರೆ ನಿಮ್ಮ ಮೂಳೆ ಗತಿ?”

“ಐವತ್ತೆಂಟು ವರ್ಷ ನಿಂತಿರೋ ಮೂಳೆ ಅನ್ನೆಲ್ಡು ದಿನಕ್ಕೆ ಓಡೋಗಲ್ಲ. ಬರ್ಕೋ ನೀನು.”

ಬರೆದುಕೊಂಡೆ. ನಾನು ತಡೆಯಬೇಕಿತ್ತು, ಗೊತ್ತು. ಆದರೆ ಮಗ್ಗ ಮುಚ್ಚಿದ ಮೇಲೆ ಅತ್ತೆಯ ಮುಖದಲ್ಲಿ ಆ ಹುರುಪು ನೋಡಿ ತಿಂಗಳುಗಳಾಗಿದ್ದವು. ದಿನಾ ಮಧ್ಯಾಹ್ನ ಅವರು ಅನ್ನದ ಉಂಡೆಯಲ್ಲಿ ಮಾತ್ರೆ ಅಡಗಿಸಿ ಕೆಂಪಿಗೆ ಹಾಕುತ್ತಿದ್ದರು. ಮೊಟ್ಟೆ ಒತ್ತಿ ನೋಡುವ ಕೆಲಸ ನನ್ನದು. ಮೂರು ಮಾರು ದೂರದಲ್ಲಿ ಸೆರಗು ಮೂಗಿಗೆ ಹಿಡಿದು, “ಎಬ್ಬೆಟ್ಟಲ್ಲಿ ಒತ್ತು, ಬೆಳ್ಳಲ್ಲಿ ಅಲ್ಲ!” ಎಂದು ಕೂಗುತ್ತಿದ್ದರು. ಮೊದಲ ಮೂರು ದಿನ ಎರಡೂ ಕೋಳಿಯ ಮೊಟ್ಟೆ ಮೆತ್ತಗೇ ಇದ್ದವು. ಅತ್ತೆ ಊಟ ಬಿಟ್ಟು ಕೂತರು. ಆರನೇ ದಿನ ಕೆಂಪಿಯ ಮೊಟ್ಟೆ ತಟ್ಟಿದರೆ ಟಕ್ ಎಂದಿತು. ಹನ್ನೆರಡನೇ ದಿನಕ್ಕೆ ಅದು ಉರುಳಿ ಮೆಟ್ಟಿಲಿಂದ ಬಿದ್ದರೂ ಒಡೆಯಲಿಲ್ಲ. ಕರಿಯದು ಮಾತ್ರ ಅದೇ ಮೆತ್ತನೆ.

“ಅಸಲು!” ಎಂದರು ಅತ್ತೆ. ಸಂಜೆ ಕೇಸರಿಬಾತು ಮಾಡಿದರು.

ಮುಂದಿನ ವಾರ ಆಸ್ಪತ್ರೆಗೆ ಹೋಗುವ ದಿನ ಬಂತು. ಮಾತ್ರೆ ನುಂಗಿದ ದಿನಕ್ಕೆ ಗುರುತು ಹಾಕುವ ಕಾರ್ಡನ್ನು ಮಗು ಯಾವಾಗಲೋ ತಿಂದು ಮುಗಿಸಿತ್ತು.

“ಪರವಾಗಿಲ್ಲ ಮೇಡಂ, ನಮ್ ಸೊಸೆ ಎಲ್ಲಾನೂ ಬರ್ದವ್ಳೆ” ಎಂದು ಅತ್ತೆ ಹೆಮ್ಮೆಯಿಂದ ನನ್ನ ಚೀಲದೊಳಗಿನ ಡೈರಿ ಎಳೆದು ಕಮಲಿನಿಯವರ ಕೈಗಿಟ್ಟರು. ನನ್ನ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಹಾಲಿನ ಬಾಟಲಿ. ಕಸಿದುಕೊಳ್ಳಲು ಮೂರನೇ ಕೈ ಇರಲಿಲ್ಲ.

ಕಮಲಿನಿ ಓದತೊಡಗಿದರು. “ಮಂಗಳವಾರ. ಪಾಪುಗೆ ಐದು ಸಲ ಹಾಲು. ಮಾತ್ರೆ, ಕೆಂಪಿ…” ಅವರ ದನಿ ಬದಲಾಯಿತು. “ಕೆಂಪಿ ಯಾರು? ನಮ್ಮ ಮಾತ್ರೆ ಬೇರೆಯವರಿಗೆ ಕೊಟ್ರಾ?”

“ಪಕ್ಕದ ಮನೇದು” ಎಂದರು ಅತ್ತೆ.

“ಅಯ್ಯೋ ದೇವರೇ.” ಅವರು ಒಂದು ಬೇರೆ ಫಾರಂ ಎಳೆದುಕೊಂಡರು. “ವಯಸ್ಸೆಷ್ಟು?”

“ಒಂದೂವರೆ ವರ್ಷ ಇರಬೌದು.”

ಕಮಲಿನಿಯ ಪೆನ್ನು ಕೆಳಗೆ ಬಿತ್ತು. “ಒಂದೂವರೆ ವರ್ಷದ ಮಗೂಗೆ ಕೊಟ್ರಾ! ತೂಕ ಎಷ್ಟು?”

“ಎಲ್ಡು ಕೇಜಿ. ಈಗ ಚೂರು ಜಾಸ್ತಿ ಇರ್ತದೆ.”

“ಎರಡು ಕೇಜಿ?!”

“ನಾಟಿದಲ್ವಾ ಮೇಡಂ, ಅಷ್ಟೇ ಬರೋದು.”

“ಕೋಳಿ ಮೇಡಂ, ಕೋಳಿ!” ಎಂದು ನಾನು ಕೂಗಿದೆ. ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ನಮ್ಮನ್ನು ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ಇಳಂಗೋ ಅವರ ಕೋಣೆಗೆ ಕರೆದೊಯ್ದರು. ಗಂಭೀರ ಮನುಷ್ಯ. ಕಮಲಿನಿ ಹೇಳಿದ್ದನ್ನು ಪೂರ್ತಿ ಕೇಳಿ, ಕಿಟಕಿಯ ಕಡೆ ಮುಖ ಮಾಡಿ ಕೊಂಚ ಹೊತ್ತು ಕೆಮ್ಮಿ, ಆಮೇಲೆ ತಿರುಗಿದರು. ಅವರದು ತಮಿಳು. ಅತ್ತೆ ಅದಕ್ಕೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಉತ್ತರ ಕೊಟ್ಟರು.

“ಬೇಜಾರ್ ಬ್ಯಾಡಿ ಸಾರ್. ನಿಮ್ಗೂ ಗೊತ್ತಿರ್ಲಿಲ್ವಂತಲ್ಲ, ನಾನೇ ಕಂಡಿಡ್ದೆ. ನಂದು ನಿಜದ…”

ಡಾಕ್ಟರ್ ಎರಡೂ ಕಿವಿ ಮುಚ್ಚಿಕೊಂಡರು. “ಹೇಳಬೇಡಿಯಮ್ಮಾ! ನನಗೆ ಗೊತ್ತಾಗಬಾರದು!”

ಕಿವಿಯಿಂದ ಕೈ ತೆಗೆದ ಮೇಲೆ ಅವರು ಸಮಾಧಾನವಾಗಿಯೇ ಹೇಳಿದರು. ಅಸಲು ಮಾತ್ರೆ ಎಂದು ತಿಳಿದವರು ಹುರುಪಿನಿಂದ ಓಡಾಡುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ. ಆಗ ಮೂಳೆ ಗಟ್ಟಿಯಾದದ್ದು ಮಾತ್ರೆಯಿಂದಲೋ ಹುರುಪಿನಿಂದಲೋ ಹೇಳಲಾಗದು. ಆದ್ದರಿಂದ ಯಾವುದೆಂದು ತಿಳಿದುಬಿಟ್ಟವರನ್ನು ಈ ಅಧ್ಯಯನದಲ್ಲಿ ಇಟ್ಟುಕೊಳ್ಳುವಂತಿಲ್ಲ.

“ಅಂಗಾರೆ ವರ್ಷದ ಸ್ಕ್ಯಾನು?”

“ಅಧ್ಯಯನದಲ್ಲಿ ಇರುವವರಿಗೆ ಮಾತ್ರ ಅಮ್ಮಾ.”

ಕುರ್ಚಿಯ ಕೆಳಗೆ ಅತ್ತೆಯ ಕಾಲುಗಳು ನಿಂತುಹೋದವು. ಅವರು ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು, “ಗುಂಡಿ ಮುಚ್ಚಿದ್ದು ಮುಚ್ಚಿದಂಗೇನಾ ಇನ್ನು?”

ಡಾಕ್ಟರಿಗೆ ಯಾವ ಗುಂಡಿ ಎಂದು ಅರ್ಥವಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಹೇಳಿದೆ, “ಸಾರ್, ಎರಡೇ ಎರಡು ಕೋಳಿ ನೋಡಿ ಗೊತ್ತಾಯ್ತು ಅನ್ನಬಹುದಾ?”

ಅವರು ಹುಬ್ಬೇರಿಸಿದರು. ಈಗ ಮಾತಾಡಿದ್ದು ಅವರೊಳಗಿನ ಸಂಶೋಧಕ. “ಕೋಳಿಗೆ ಬೇರೆ ಏನು ತಿನ್ನಿಸುತ್ತಿದ್ದರು?”

ನಾನು ತಮಿಳ್‌ಸೆಲ್ವಿ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಮೊದಲು ಕೇಳಿದ್ದು ಕೊಕ್ಕೊಕ್ಕೋ.

“ಅಮ್ಮಾ, ನಾನು ಡಾಕ್ಟರ್ ಇಳಂಗೋ. ನಿಮ್ಮ ಕೆಂಪು ಕೋಳಿಗೆ ಈ ನಡುವೆ ಏನೇನು ತಿನ್ನಿಸಿದ್ರಿ?”

ಆ ಕಡೆಯಿಂದ ಅಳುಕಿದ ದನಿ. “ಚೆಲ್ಲಮ್ಮಕ್ಕ ಅಲ್ಲೇ ಇದ್ದಾರಾ?”

“ಇಲ್ಲೇ ಇವ್ನಿ, ಹೇಳು” ಎಂದರು ಅತ್ತೆ.

“ಅಕ್ಕಾ, ಕೋವಿಚ್ಚುಕ್ಕಾದೀಂಗ. ಸಿಟ್ಟು ಮಾಡ್ಕೋಬ್ಯಾಡಿ. ಮೂರು ದಿನ ಆದ್ರೂ ಕೆಂಪಿ ಮೊಟ್ಟೆ ಮೆತ್ತಗೇ ಇತ್ತಲ್ಲ, ನೀವು ಊಟಾನೇ ಬುಟ್ರಿ. ನಂಗೆ ತಾಳಕ್ಕಾಗ್ಲಿಲ್ಲ. ಪರೋಟ ಅಂಗಡಿಯಿಂದ ಒಂದು ಬಕೆಟ್ ಮೊಟ್ಟೆ ಸಿಪ್ಪೆ ತಂದು, ಒಣಗ್ಸಿ, ಕುಟ್ಟಿ, ದಿನಾ ಎಲ್ಡು ಹಿಡಿ ಹಾಕ್ದೆ.”

“ಕರಿಗೂನಾ?”

“ಕರಿಗೆ ಯಾಕೆ ಹಾಕ್ತೀನಿ? ಕರಿ ಗೆದ್ರೆ ನೀವು ಸೋತಂಗೆ ತಾನೇ ಅಕ್ಕಾ?”

ಡಾಕ್ಟರ್ ಮೇಜು ತಟ್ಟಿ, “ರೊಂಬ ನನ್ರಿ ಅಮ್ಮಾ! ತುಂಬ ಥ್ಯಾಂಕ್ಸ್!” ಎಂದರು. ಅತ್ತೆಯ ಮುಖ ಮಾತ್ರ ಕೆಂಪಿಗಿಂತ ಕೆಂಪಾಯಿತು.

“ಅನ್ನೆಲ್ಡು ದಿನ! ಅನ್ನೆಲ್ಡು ಮಾತ್ರೆ! ನನ್ ನೇಯ್ಗೆ ಒಳಗೆ ನಿನ್ ನೂಲು ಸೇರ್ಸಿಬುಟ್ಯಲ್ಲೇ, ಪಾಪಿ ಮುಂಡೆ! ಯಾರೇ ಕೇಳಿದ್ದು ನಿನ್ನ? ಇಡು ಫೋನು!”

“ಅಮ್ಮಾ,” ಎಂದರು ಡಾಕ್ಟರ್, “ಸಿಟ್ಟು ಆಮೇಲೆ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮದು ಯಾವ ಮಾತ್ರೆ ಅಂತ ನಿಮಗೆ ಗೊತ್ತಾ?”

ಕಮಲಿನಿ ಪೆನ್ನು ಹಿಡಿದು ಕಾದರು. ಗೊತ್ತಿಲ್ಲ ಎನ್ನುವ ಮಾತನ್ನು ಅತ್ತೆಯ ಬಾಯಲ್ಲಿ ನಾನು ಒಂದು ದಿನವೂ ಕೇಳಿದವಳಲ್ಲ. ದಾರಿ ಕೇಳಿದವರಿಗೆ ಗೊತ್ತಿಲ್ಲದ ಊರಿಗೂ ದಾರಿ ತೋರಿಸಿ ಕಳಿಸುವವರು ಅವರು. ಅತ್ತೆ ಮಗುವನ್ನು ನೋಡಿದರು, ಫ್ಯಾನ್ ನೋಡಿದರು, ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದರು.

“ಮೊದ್ಲು ಗೊತ್ತಿತ್ತು” ಎಂದರು.

“ಈಗ?”

“ಈಗ…” ನುಂಗಲಾರದ್ದನ್ನು ನುಂಗುವಂತೆ ಕತ್ತು ಮುಂದೆ ಚಾಚಿದರು. “ಈಗ ಗೊತ್ತಿಲ್ಲ ಬುಡಿ.”

ಅವರು ಮಾತು ಬದಲಾಯಿಸುವ ಮೊದಲೇ ಕಮಲಿನಿ ಬರೆದು ಮುಗಿಸಿದ್ದರು. ಹನ್ನೆರಡು ದಿನ ಮಾತ್ರೆ ತಪ್ಪಿದೆ ಎಂದಷ್ಟೇ ದಾಖಲಾಯಿತು, ಅತ್ತೆಯ ಹೆಸರು ಅಧ್ಯಯನದಲ್ಲೇ ನಿಂತಿತು. ಉಳಿದ ಒಂಬತ್ತು ತಿಂಗಳು ಅತ್ತೆ ಒಂದನ್ನೂ ತಪ್ಪಿಸಲಿಲ್ಲ. ನುಂಗಿದ ಮೇಲೆ ಬಾಯಿ ತೆರೆದು ನನಗೆ ತೋರಿಸುತ್ತಿದ್ದರು. ತಮಿಳ್‌ಸೆಲ್ವಿ ಅಕ್ಕನ ಜೊತೆ ಮಾತು ಬಿಟ್ಟರು. ಅದು ನಾಲ್ಕು ದಿನ ನಡೆಯಿತು.

ಹೋದ ತಿಂಗಳು ಎರಡನೇ ಸ್ಕ್ಯಾನ್ ಆಯಿತು. ಮೂಳೆ ಇನ್ನಷ್ಟು ಸವೆದಿಲ್ಲ, ಸೊಂಟದಲ್ಲಿ ಕೂದಲೆಳೆಯಷ್ಟು ಹೆಚ್ಚೇ ಆಗಿದೆ ಎಂದರು ಡಾಕ್ಟರ್. ನಡುವೆ ರಕ್ತ ಪರೀಕ್ಷೆ ನೋಡಿ ಥೈರಾಯ್ಡ್ ಮಾತ್ರೆಯನ್ನೂ ಚೂರು ಇಳಿಸಿದ್ದರು. ತಿಂದದ್ದು ಅಸಲೋ ನಕಲೋ ಎನ್ನುವುದು ಅಧ್ಯಯನದ ಎಲ್ಲ ಹೆಂಗಸರ ವರ್ಷ ತುಂಬಿದ ಮೇಲೆ ತಿಳಿಯುತ್ತದಂತೆ. ಮಗ್ಗದಲ್ಲಿ ಕೂರಬಹುದೇ ಎಂದು ಕಾರ್ತಿಕೇಯನ್ ಕೇಳಿದರು. ಕಾಲು ಆಡಿಸುವುದು ಒಳ್ಳೆಯದೇ, ಇಳಿಯಲು ಮೆಟ್ಟಿಲು ಮಾಡಿ, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿ ಎಂದರು ಡಾಕ್ಟರ್.

ಭಾನುವಾರ ಹಲಗೆ ಕಿತ್ತದ್ದಾಯಿತು. ಅತ್ತೆ ಕಂಬಿ ಹಿಡಿದು ಇಳಿದು ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ಅವರು ಕೂತಿರುವಾಗ ಸರಿ, ಎದ್ದಾಗ? ಮಗು ಈಗ ನಡೆಯಲು ಕಲಿತಿದೆ, ನೇರ ಗುಂಡಿಯ ಕಡೆಗೇ ನಡೆಯುತ್ತದೆ. ಸುತ್ತ ಒಂದು ತಡೆ ಕಟ್ಟಿಸಬೇಕು. ನಾಳೆ ಬಡಗಿ ಬರುತ್ತಾನೆ. ಎಷ್ಟೆತ್ತರ ಇರಬೇಕು, ಬಾಗಿಲು ಯಾವ ಕಡೆಗೆ ಇರಬೇಕು ಎಂದು ಅತ್ತೆ ಬೆಳಿಗ್ಗೆಯಿಂದ ವಿವರವಾಗಿ ಹೇಳುತ್ತಲೇ ಇದ್ದಾರೆ. ನೇಯುವುದನ್ನು ನಿಲ್ಲಿಸದೆ ಹೇಳುತ್ತಿರುವುದರಿಂದ, ಮಗ್ಗದ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಿಸುತ್ತಿಲ್ಲ.